ವಾರಸುದಾರರಿಲ್ಲದ ಬದುಕು

ಪರಊರಿನಲ್ಲಿ ನೆಲೆಸಿದ ಕನ್ನಡಿಗನಿಗೆ ಊರಿಗೆ ಹೋದಾಗಲೆಲ್ಲ ಎರಡು ಪ್ರಶ್ನೆ ತಪ್ಪಿದ್ದಲ್ಲ. ಒಂದು, "ಈಗ ನೀವು ನಮ್ಮವರೋ, ಅಲ್ಲಿಯವರೋ?" ಇನ್ನೊಂದು, "ಮೊಮ್ಮಕ್ಕಳಿಗೆ ಕನ್ನಡ ಬರ್ತದೇನ್ರಿ?" ಗದಗಿನಲ್ಲಿ ಹುಟ್ಟಿ, ಬ್ಯಾಂಕಿನ ನೌಕರಿಯನ್ನು ಪುಣೆಯಲ್ಲಿ ಮುಗಿಸಿ ಅಲ್ಲೇ ಉಳಿದ ನನಗೆ ಮೊದಲನೆಯದಕ್ಕೆ ನಕ್ಕು ಉತ್ತರ ಕೊಡುವುದು ರೂಢಿಯಾಗಿದೆ. ಎರಡನೆಯದು ಮಾತ್ರ ಒಳಗೆ ಚುಚ್ಚುತ್ತದೆ. ಮೊಮ್ಮಗಳು ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಅರಳು ಹುರಿದಂತೆ ಮಾತಾಡುತ್ತಾಳೆ. ಕನ್ನಡದಲ್ಲಿ "ಅಜ್ಜಾ, ಊಟಕ್ಕ ಬಾ" ಎನ್ನುವಲ್ಲಿಗೆ ಅವಳ ಬಂಡವಾಳ ತೀರುತ್ತದೆ. ಹಾಗಾದರೆ ಇಷ್ಟು ವರ್ಷ ಪರಊರಲ್ಲಿ ನಾನು ಆಡಿದ, ಓದಿದ, ಹಚ್ಚಿಕೊಂಡ ಕನ್ನಡಕ್ಕೆ ಏನರ್ಥ? ಮುಂದೆ ಒಯ್ಯುವವರಿಲ್ಲದ ಬದುಕು ಸೋತ ಬದುಕೇ?

ಈ ಪ್ರಶ್ನೆಯನ್ನು ಯೋಚಿಸಲು ನನಗೆ ನೆರವಾದದ್ದು ವೇದಾಂತವಲ್ಲ. ನಿವೃತ್ತಿಯ ಮೇಲೆ ಜೀವವಿಕಾಸದ ಪುಸ್ತಕಗಳನ್ನು ಓದುವ ಚಟ ಹತ್ತಿತು. ಅಲ್ಲಿ ಸಿಕ್ಕ, ಅಳಿದುಹೋದ ಒಂದು ಸಣ್ಣ ಜೀವಿ ನೆರವಾಯಿತು. ಅದರ ಹೆಸರು ಒಪಬಿನಿಯಾ.

ಕೆನಡಾದ ಪಶ್ಚಿಮಕ್ಕೆ, ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಯೋಹೋ ರಾಷ್ಟ್ರೀಯ ಉದ್ಯಾನದ ಬೆಟ್ಟಗಳಲ್ಲಿ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರಗಳಿವೆ. ಸುಮಾರು 50.8 ಕೋಟಿ ವರ್ಷಗಳ ಹಿಂದೆ ಅದು ಸಮುದ್ರದ ತಳ. ಕೆಸರು ಕುಸಿದು ಅಲ್ಲಿದ್ದ ಜೀವಿಗಳು ಒಮ್ಮೆಲೇ ಹೂತುಹೋದವು. ಸಾಮಾನ್ಯವಾಗಿ ಚಿಪ್ಪು, ಎಲುಬಿನಂಥ ಗಟ್ಟಿ ಭಾಗಗಳಷ್ಟೇ ಕಲ್ಲಿನಲ್ಲಿ ಉಳಿಯುತ್ತವೆ. ಇಲ್ಲಿ ಮೆತ್ತನೆಯ ಮೈಯೂ ಅಚ್ಚೊತ್ತಿದಂತೆ ಉಳಿದಿದೆ. 1909ರಲ್ಲಿ ಇದನ್ನು ಕಂಡವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ವಾಲ್ಕಾಟ್. ಅವರು ಅಲ್ಲಿಂದ ಸಂಗ್ರಹಿಸಿದ ಪಳೆಯುಳಿಕೆಗಳು ಅರವತ್ತು ಸಾವಿರಕ್ಕೂ ಹೆಚ್ಚು. ಆದರೆ ಒಪಬಿನಿಯಾದ ಒಳ್ಳೆಯ ಮಾದರಿಗಳು ಎಲ್ಲ ಸೇರಿ ಇಪ್ಪತ್ತರ ಆಸುಪಾಸು. ಅಷ್ಟು ಅಪರೂಪ.

ನೋಡಲು ಹೇಗಿತ್ತು ಅಂತೀರಾ? ಬೆರಳುದ್ದದ ದೇಹ. ತಲೆಯ ಮೇಲೆ ಐದು ಕಣ್ಣು. ಮುಂದೆ ಆನೆಯ ಸೊಂಡಿಲಿನಂತೆ ಬಳುಕುವ ಕೊಳವೆ, ಅದರ ತುದಿಗೆ ಮುಳ್ಳುಮುಳ್ಳಾದ ಇಕ್ಕಳ. ಬಾಯಿ ತಲೆಯ ಕೆಳಗೆ, ಅದೂ ಹಿಂದಕ್ಕೆ ತಿರುಗಿದ್ದು. ಇಕ್ಕಳದಲ್ಲಿ ಆಹಾರ ಹಿಡಿದು, ಸೊಂಡಿಲು ಮಡಚಿ ಬಾಯಿಗೆ ಮುಟ್ಟಿಸುತ್ತಿತ್ತು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಮೈಯ ಎರಡೂ ಬದಿಗೆ ದೋಣಿಯ ಹುಟ್ಟುಗಳಂಥ ಪಟ್ಟಿಗಳು.

ಬ್ಯಾಂಕಿನವರಿಗೆ ಸಸ್ಪೆನ್ಸ್ ಖಾತೆ ಗೊತ್ತು. ಬಂದ ಹಣ ಯಾವ ಖಾತೆಗೆ ಸೇರಬೇಕೆಂದು ತಿಳಿಯದಿದ್ದರೆ, ವಿವರ ಸಿಗುವತನಕ ಅದನ್ನು ಅಲ್ಲಿ ಇಡುತ್ತೇವೆ. ವಾಲ್ಕಾಟ್ ಹಾಗೆ ಇಡಲಿಲ್ಲ. 1912ರಲ್ಲಿ ಒಪಬಿನಿಯಾಕ್ಕೆ ಹೆಸರು ಕೊಟ್ಟಾಗಲೇ ಪರಿಚಯದ ಖಾತೆಗೆ ಜಮಾ ಮಾಡಿದರು. ಇದು ಸೀಗಡಿ, ಏಡಿಗಳ ಬಳಗದ್ದು ಎಂದರು. 1930ರಲ್ಲಿ ಹಚಿನ್ಸನ್ ಎಂಬ ವಿಜ್ಞಾನಿ ಅದನ್ನು ಬೆನ್ನಡಿಯಾಗಿ ಈಜುವ ಒಂದು ಜಾತಿಯ ಸೀಗಡಿಯಂತೆ ಚಿತ್ರಿಸಿದರು.

ಕೇಂಬ್ರಿಜಿನ ಹ್ಯಾರಿ ವಿಟಿಂಗ್ಟನ್ ಮತ್ತೆ ಕೈಗೆತ್ತಿಕೊಂಡಾಗ ಅವರೂ ಸೀಗಡಿಯ ಬಳಗಕ್ಕೆ ಇರಬೇಕಾದ ಕೀಲುಗಾಲುಗಳನ್ನೇ ಹುಡುಕಿದರು. ಕಲ್ಲಿನ ಪದರವನ್ನು ನಾಜೂಕಾಗಿ ಕೊರೆದು ತಲೆಯ ಕೆಳಗೆ ನೋಡಿದರೆ ಕಾಲುಗಳಿಲ್ಲ! 1972ರಲ್ಲಿ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಅದರ ಚಿತ್ರ ತೋರಿಸಿದಾಗ ಸಭಿಕರು ಗೊಳ್ಳನೆ ನಕ್ಕರು. ವಿಟಿಂಗ್ಟನ್ ಚಿತ್ರ ಬದಲಿಸಲಿಲ್ಲ. 1975ರಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಪ್ರಕಟಿಸಿದರು. ಇದು ಕೀಲುಗಾಲಿನ ಜೀವಿಯಲ್ಲ, ಗೊತ್ತಿರುವ ಯಾವ ವರ್ಗಕ್ಕೂ ಸೇರದು ಎಂದರು. "ನೀನು ಯಾರ ಪೈಕಿ?" ಎಂದು ಕೇಳುವುದನ್ನು ಬದಿಗಿಟ್ಟು, "ನೀನು ಹೇಗಿದ್ದೀ?" ಎಂದು ನೋಡಿದರು. ಮನುಷ್ಯರ ವಿಷಯದಲ್ಲಿ ಈ ಸೌಜನ್ಯ ನಮಗೆಷ್ಟು ಸಲ ನೆನಪಾಗುತ್ತದೆ?

ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ಈಗಿನ ವಿದ್ವಾಂಸರು ಒಪಬಿನಿಯಾವನ್ನು ಕೀಟ, ಜೇಡ, ಏಡಿಗಳೆಲ್ಲ ಸೇರಿದ ಸಂಧಿಪದಿಗಳ ವಂಶವೃಕ್ಷದಲ್ಲೇ ಇಡುತ್ತಾರೆ. ಆದರೆ ಬುಡದ ಹತ್ತಿರ ಒಡೆದ, ಮುಂದೆ ಬೆಳೆಯದ ಒಂದು ಕವಲಾಗಿ. ನಮ್ಮ ಮನೆಗಳ ಭಾಷೆಯಲ್ಲಿ ಹೇಳಬೇಕೆಂದರೆ, ಅದು ಇಂದಿನ ಇರುವೆ, ಏಡಿಗಳಿಗೆ ಅಜ್ಜನಲ್ಲ, ಮಕ್ಕಳಿಲ್ಲದ ದೊಡ್ಡಪ್ಪ. ಬಳಗ ಉಂಟು, ವಾರಸುದಾರರಿಲ್ಲ.

ಬಹುಕಾಲ ಒಂಟಿಯೆಂದೇ ಎಣಿಸಿದ್ದ ಆ ದೊಡ್ಡಪ್ಪನಿಗೆ 2022ರಲ್ಲಿ ಒಬ್ಬ ನೆಂಟ ಸಿಕ್ಕ. ಅಮೆರಿಕದ ಯೂಟಾ ರಾಜ್ಯದ ಒಂದೇ ಒಂದು ಪಳೆಯುಳಿಕೆಯನ್ನು 2008ರಲ್ಲಿ ಅನೋಮಲೋಕಾರಿಸ್ ಎಂಬ ಬೇರೆ ಜೀವಿಯ ಜಾತಿಗೆ ಸೇರಿಸಿದ್ದರು. ಹದಿನಾಲ್ಕು ವರ್ಷದ ಮೇಲೆ ಮತ್ತೆ ಪರಿಶೀಲಿಸಿ, ಇದು ಒಪಬಿನಿಯಾದ ಕುಟುಂಬದ್ದು ಎಂದು ಹೇಳಿ ಯುಟಾರೋರಾ ಎಂದು ಹೆಸರಿಟ್ಟರು.

ವಾರಸುದಾರರಿಲ್ಲದ್ದಕ್ಕೆ ಕಾರಣ ಅದರ ಅಯೋಗ್ಯತೆಯೇ? ಸ್ಟೀಫನ್ ಜೇ ಗೌಲ್ಡ್ 1989ರಲ್ಲಿ ಬರೆದ 'ವಂಡರ್‌ಫುಲ್ ಲೈಫ್' ಪುಸ್ತಕದಲ್ಲಿ, ಯಾರು ಉಳಿದರು ಯಾರು ಅಳಿದರು ಎಂಬುದರಲ್ಲಿ ಆಕಸ್ಮಿಕದ ಪಾಲು ದೊಡ್ಡದು ಎಂದು ವಾದಿಸಿದರು. ವಿಟಿಂಗ್ಟನ್ನರ ಶಿಷ್ಯ ಸೈಮನ್ ಕಾನ್ವೇ ಮಾರಿಸ್ 1998ರ ತಮ್ಮ ಪುಸ್ತಕದಲ್ಲಿ ಇದನ್ನು ಒಪ್ಪಲಿಲ್ಲ. ಆ ಜಗಳ ಬಲ್ಲವರಿಗಿರಲಿ. ನನಗೆ ಮುಖ್ಯವಾದದ್ದು ಇಷ್ಟು: ಯಾರು ಗೆದ್ದರೂ, ಆ ಐದು ಕಣ್ಣುಗಳು ಅಂದು ಕಂಡ ಬೆಳಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಕ್ಲೋಸ್ ಆದ ಖಾತೆಯ ಬಾಕಿ ಸೊನ್ನೆ. ಆ ಸೊನ್ನೆಯನ್ನು ನೋಡಿ, ಇಲ್ಲಿ ಏನೂ ವ್ಯವಹಾರ ನಡೆದಿಲ್ಲ ಎಂದು ಯಾವ ಆಡಿಟರೂ ಬರೆಯಲಾರ. ಲೆಡ್ಜರಿನ ಹಾಳೆ ತಿರುವಿದರೆ ಮಗಳ ಮದುವೆಗೆ ತೆಗೆದದ್ದು, ಬಿತ್ತನೆಗೆಂದು ಇಟ್ಟದ್ದು, ಎಲ್ಲ ಸಾಲುಸಾಲಾಗಿ ಇದೆ. ಬದುಕನ್ನೂ ಕೊನೆಯ ಬಾಕಿಯಿಂದ ಅಳೆಯುವುದು ತಪ್ಪು ಲೆಕ್ಕ. ಪುಣೆಯ ಮನೆಯಲ್ಲಿ ನಾನು ಮತ್ತು ಹೆಂಡತಿ ಆಡಿಕೊಂಡ ಕನ್ನಡ, ಊರಿನಿಂದ ಬಂದವರಿಗೆ ಹಾಕಿದ ರೊಟ್ಟಿ, ಹೊಸದಾಗಿ ಬಂದ ಕನ್ನಡದ ಹುಡುಗನಿಗೆ ಬಾಡಿಗೆ ಖೋಲಿ ಹುಡುಕಿಕೊಟ್ಟದ್ದು, ಇವೆಲ್ಲ ಆಗಿಹೋದವು. ಆದದ್ದನ್ನು ಆಗಿಲ್ಲ ಮಾಡಲು ಯಾವ ಮರೆವಿಗೂ ಸಾಧ್ಯವಿಲ್ಲ.

"ಇದು ಜಾಣತನದ ಮಾತಾಯ್ತು. ಹೀಗೆ ಎಲ್ಲರೂ ಸಮಾಧಾನ ಮಾಡಿಕೊಂಡರೆ ಭಾಷೆ ಉಳಿಯೋದು ಹೆಂಗ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಪಬಿನಿಯಾಕ್ಕೆ ತನ್ನ ಕವಲನ್ನು ಉಳಿಸಿಕೊಳ್ಳುವ ಆಯ್ಕೆಯೇ ಇರಲಿಲ್ಲ; ನಮಗೆ ಸ್ವಲ್ಪವಾದರೂ ಇದೆ. ಹಿರಿಯರಿಂದ ಪಡೆದದ್ದನ್ನು ಮುಂದೆ ಕೊಡುವುದು ಋಣ, ಅದನ್ನು ತೀರಿಸಲು ಪ್ರಯತ್ನಪಡಲೇಬೇಕು. ಆದರೆ ಋಣ ಬೇರೆ, ಬೆಲೆ ಬೇರೆ. ಈ ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದಾಗಲೇ ತೊಂದರೆ. ಆಗ ಮಕ್ಕಳು ಕನ್ನಡ ಕಲಿಯುವುದು ಅವರ ಸಂತೋಷಕ್ಕಾಗಿ ಅಲ್ಲ, ನಮ್ಮ ಬದುಕು ವ್ಯರ್ಥವಾಗಲಿಲ್ಲ ಎಂದು ಸಾಬೀತುಪಡಿಸಲು ಎಂದಾಗುತ್ತದೆ. ಎಂಟು ವರ್ಷದ ಹುಡುಗಿಯ ಹೆಗಲ ಮೇಲೆ ಅಜ್ಜನ ಇಡೀ ಆಯುಷ್ಯ ಹೊರಿಸುವುದು ಯಾವ ಧರ್ಮ?

ಆದ್ದರಿಂದ ನಾನು ಮೊಮ್ಮಗಳಿಗೆ ಕನ್ನಡ ಕಲಿಸುತ್ತೇನೆ, ಅವಳು ಕಲಿತಷ್ಟು. ಅವಳಿಗೆ ಇನ್ನೊಂದು ಕಣ್ಣು ಬರಲಿ ಎಂದು ಕಲಿಸುತ್ತೇನೆ. ನನ್ನ ಬದುಕಿಗೆ ಸರ್ಟಿಫಿಕೇಟು ಅವಳಿಂದ ಬೇಕಾಗಿಲ್ಲ.