ಅಂಟುವಾಳದ ನೊರೆ ಮತ್ತು ಅಹಿಂಸೆ

ಬೆಳೆಗೆ ರೋಗ ತರುವ ಶಿಲೀಂಧ್ರವನ್ನು, ಅಂದರೆ ಬೂಷ್ಟಿನ ಜಾತಿಯ ಜೀವಿಯನ್ನು, ಕೊಲ್ಲಲು ಗಿಡಮರಗಳಿಂದಲೇ ತೆಗೆದ ಎಣ್ಣೆ, ಕಷಾಯಗಳು ಪರಿಸರಕ್ಕೆ ನಿರಪಾಯಕರ ಎಂಬ ನಂಬಿಕೆಯ ಹಿಂದೆ, ಪ್ರಕೃತಿಯಿಂದ ಬಂದದ್ದೆಲ್ಲ ಶುದ್ಧವೆನ್ನುವ ಧಾರ್ಮಿಕ ಭಾವನೆಯೊಂದು ಅಡಗಿದೆ. ಹಿಂಸೆಯನ್ನು ಎಳೆಎಳೆಯಾಗಿ ಬಿಡಿಸಿ ನೋಡಿದ ಜೈನ ದರ್ಶನದ ಒರೆಗಲ್ಲಿಗೆ ಇದನ್ನು ಹಚ್ಚಿ ನೋಡಬೇಕು.

ಜೈನ ಪುರಾಣದಂತೆ, ಕಲ್ಪವೃಕ್ಷಗಳು ಮರೆಯಾದ ಮೇಲೆ ಮೊದಲ ತೀರ್ಥಂಕರ ವೃಷಭನಾಥನು ಜನರಿಗೆ ಕಲಿಸಿದ ಆರು ಕಸುಬುಗಳಲ್ಲಿ ಕೃಷಿಯೂ ಒಂದು. ಹಾಗಾಗಿ ದುಡಿಮೆಯಲ್ಲಿ ತಪ್ಪಿಸಲಾಗದ ಜೀವಹಾನಿಯನ್ನು ‘ಉದ್ಯೋಗಿ ಹಿಂಸೆ’ ಎಂದು ಕರೆದು, ಕೊಲ್ಲಬೇಕೆಂದೇ ಕೊಲ್ಲುವ ‘ಸಂಕಲ್ಪಿ ಹಿಂಸೆ’ಯಿಂದ ಅದನ್ನು ಬೇರೆಯಾಗಿಟ್ಟು, ಗೃಹಸ್ಥನಿಗೆ ಮೊದಲನೆಯದರಲ್ಲಿ ರಿಯಾಯಿತಿ ಕೊಡಲಾಗಿದೆ. ಆದರೆ ಔಷಧಿ ಹೊಡೆಯುವುದೇ ಶಿಲೀಂಧ್ರ ಸಾಯಲೆಂದು; ಇಲ್ಲಿ ಆ ಗೆರೆ ಮಸುಕಾಗುತ್ತದೆ. ಆಗ ಉಳಿಯುವ ಅಳತೆಗೋಲು, ಜೈನ ಆಚಾರ್ಯ ಉಮಾಸ್ವಾತಿಯು ತನ್ನ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣದೊಳಗೇ ಸೇರಿಸಿದ ಪ್ರಮಾದ, ಎಂದರೆ ಎಚ್ಚರಗೇಡಿತನ.

ಉದಾಹರಣೆಗೆ, ಅಂಟುವಾಳದ ಕಾಯಿಯನ್ನು ನೆನೆಸಿ ಕಿವುಚಿದಾಗ ಏಳುವ ನೊರೆಗೆ ಕಾರಣ ಸಪೋನಿನ್ ಎಂಬ ವಸ್ತು. ಅದು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿರುವ ಸ್ಟೆರಾಲ್ ಎಂಬ ಕೊಬ್ಬಿನಂಥ ಅಂಶಕ್ಕೆ ಅಂಟಿಕೊಂಡು ಪೊರೆಯನ್ನು ಹರಿಯುತ್ತದೆ. ಮೀನಿನ ಕಿವಿರಿನ ಪೊರೆಯಲ್ಲಿಯೂ ಅದೇ ಬಗೆಯ ಅಂಶವಿರುವುದರಿಂದ, ಎಲೆಯ ಮೇಲೆ ರೋಗವನ್ನು ತಡೆದ ನೊರೆಯೇ ಹಳ್ಳಕ್ಕಿಳಿದರೆ ಮೀನಿನ ಉಸಿರನ್ನು ಕಟ್ಟಬಲ್ಲದು. ಇಂಥ ಸತ್ವಗಳು ಬಹುಮಟ್ಟಿಗೆ ಬಿಸಿಲಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಸಿಕ್ಕಿ ಬೇಗ ಕರಗಿಹೋಗುತ್ತವೆ. ಅದು ನಿಜವಾಗಿಯೂ ದೊಡ್ಡ ಗುಣ. ಆದರೆ ಮುಂದೊಂದು ದಿನ ಕರಗುವ ವಿಷ, ಇಂದು ಮಡುವಿನಲ್ಲಿರುವ ಮರಿಮೀನಿನ ಪಾಲಿಗೆ ವಿಷವೇ.

ಬೇವಿನೆಣ್ಣೆಯನ್ನು ಶಿಲೀಂಧ್ರನಾಶಕವಾಗಿ ಬಳಸುವ ವಿಧಾನಕ್ಕೆ 1994ರಲ್ಲಿ ಯುರೋಪಿನಲ್ಲಿ ದೊರೆತಿದ್ದ ಪೇಟೆಂಟನ್ನು, ಭಾರತದ ರೈತರಿಗೆ ಅದು ಮೊದಲೇ ತಿಳಿದಿತ್ತೆಂಬ ವಾದದ ಮೇಲೆ ಪ್ರಶ್ನಿಸಲಾಗಿ, 2005ರಲ್ಲಿ ಅದು ಕೊನೆಯದಾಗಿ ರದ್ದಾದದ್ದು ನ್ಯಾಯವೇ ಸರಿ. ಆದರೂ ಆ ತೀರ್ಪು ಜ್ಞಾನದ ಹಳಮೆಯನ್ನು ಎತ್ತಿಹಿಡಿಯಿತೇ ಹೊರತು ನಿರಪಾಯವನ್ನಲ್ಲ. ಗಡಿಗೆಯಲ್ಲಿ ಕಲಸಿ ಒಂದು ಸಾಲಿಗೆ ಎರಚುತ್ತಿದ್ದುದನ್ನು ಯಂತ್ರದಿಂದ ಇಡೀ ಕಣಿವೆಗೆ ಹೊಡೆದರೆ, ಹಳೆಯ ಅನುಭವದ ಸಾಕ್ಷ್ಯ ಅಲ್ಲಿಗೆ ಮುಟ್ಟುವುದಿಲ್ಲ.

ಜೈನ ಮುನಿಯು ನಡೆಯುವಾಗ ಒಂದು ನೊಗದಷ್ಟು ಮುಂದಿನ ನೆಲವನ್ನು ನೋಡಿಯೇ ಹೆಜ್ಜೆಯಿಡಬೇಕೆನ್ನುವ ನಿಯಮಕ್ಕೆ ಈರ್ಯಾಸಮಿತಿ ಎಂದು ಹೆಸರು, ಮತ್ತು ಆ ಅಳತೆಯ ನೊಗ ಬೇಸಾಯಗಾರನದೇ. ಜೇನುನೊಣ ಗೂಡು ಸೇರಿದ ಮೇಲೆ ಸಿಂಪಡಿಸುವುದು, ಮೋಡ ಕವಿದ ದಿನ ಕೈ ತಡೆಯುವುದು, ಕಷಾಯದ ಡ್ರಮ್ಮನ್ನು ಹಳ್ಳದ ಕಟ್ಟೆಯಲ್ಲಿ ತೊಳೆಯದೆ ನೀರು ಇಂಗುವ ಬಯಲಿಗೆ ಒಯ್ಯುವುದು ತೋಟದಲ್ಲಿ ಆ ನೋಟಕ್ಕೆ ಸಲ್ಲುವ ಕೆಲಸಗಳು.