ಬಚ್ಚಲ ನೀರು

ನನ್ನ ತವರು ಕೋಲಾರದ ಹತ್ತಿರ ಒಂದು ಹಳ್ಳಿ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಸಾವಿರ ಅಡಿ ಕೊರೆದರೂ ಸಿಕ್ಕರೆ ಸಿಕ್ಕಿತು, ಸಿಕ್ಕರೂ ಫ್ಲೋರೈಡ್ ನೀರು. ನಾನು ಮದುವೆಯಾಗಿ ಬೆಂಗಳೂರಿಗೆ ಬರುವ ಹೊತ್ತಿಗೆ ನಮ್ಮೂರ ಕೆರೆಯಂಗಳದ ತುಂಬ ಜಾಲಿ ಬೆಳೆದಿತ್ತು.

2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ಮೊದಲು ಲಕ್ಷ್ಮೀಸಾಗರಕ್ಕೆ ಬಂತು. ಮರುತಿಂಗಳೇ ಅಲ್ಲಿ ನೊರೆಯೆದ್ದು ವಿಷಯ ಹೈಕೋರ್ಟಿಗೆ ಹೋಯಿತು. ನಿಂತ ನೀರು ಮತ್ತೆ ಹರಿಯಿತು. ಕೆರೆಯಿಂದ ಕೆರೆಗೆ ಕೋಡಿ ಹರಿದು ಒಂದು ದಿನ ನಮ್ಮೂರಿಗೂ ಬಂತು.

ಹೋಗಿ ನೋಡಿದರೆ ನೀರು, ಬೆಳ್ಳಕ್ಕಿ! ನನಗೆ ಕಣ್ಣು ತುಂಬಿತು. ಅಮ್ಮನಿಗೆ ಮಾತ್ರ ಬೇರೆಯೇ ಯೋಚನೆ. "ಎಲ್ಲರೂ ಬಾಗಿನ ಕೊಡೋಣ ಅಂತಾರೆ ಕಣೇ. ಇದು ಎಂಜಲು ನೀರಲ್ಲವೇನೇ?"

ಯಾರ ಎಂಜಲು? ನಮ್ಮ ಮನೆಯಿರುವುದು ಅದೇ ಕಣಿವೆಯಲ್ಲಿ. ನಾನು ಬಟ್ಟೆ ಒಗೆದ ನೀರು ಹೋಗುವುದೂ ಅತ್ತಲೇ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ, 2017ರ ಫೆಬ್ರವರಿಯಲ್ಲಿ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡಾಗ, ನಾನು ಕಾರ್ಖಾನೆಗಳನ್ನು ಬೈದಿದ್ದೆ. ಆ ಕೆರೆಗೆ ಸೇರುತ್ತಿದ್ದುದರಲ್ಲಿ ಹೆಚ್ಚಿನದು ಮನೆಗಳ ಕೊಳಚೆಯೇ, ನೊರೆಯಲ್ಲಿ ನಮ್ಮ ಸೋಪಿನ ಪುಡಿಯ ಪಾಲೂ ಇದೆಯೆಂದು ಆಮೇಲೆ ಓದಿದೆ. ಲಕ್ಷಾಂತರ ಮನೆಗಳು ಸೇರಿ ಮಾಡಿದ ತಪ್ಪಿನಲ್ಲಿ ನನ್ನ ಪಾಲು ಒಂದು ಚಮಚ. ಅಷ್ಟು ಚಿಕ್ಕದಾದರೆ ಅದು ಇಲ್ಲವೆಂದೇ ಲೆಕ್ಕವೇ?

ಹಾಗೆಂದು ಎಲ್ಲವನ್ನೂ ನಮ್ಮ ಚಮಚದ ಮೇಲೆ ಹೊರಿಸುವುದನ್ನೂ ನಾನು ಒಪ್ಪಲಾರೆ. (ಹೆಂಗಸರಿಗೆ ಬುದ್ಧಿ ಹೇಳುವುದು ಸುಲಭ, ಖರ್ಚಿಲ್ಲ.) ಆ ನೀರನ್ನು ಎರಡು ಹಂತ ಶುದ್ಧಮಾಡಿ ಬಿಡುತ್ತಿದ್ದರು. ಮೂರನೆಯ ಹಂತವೂ ಆಗಲಿ ಎಂದು ಕೋಲಾರದವರು ಕೇಳುತ್ತಲೇ ಬಂದರು. ಅದು ನನ್ನ ಅಡಿಗೆಮನೆಯಲ್ಲಿ ಆಗುವ ಕೆಲಸವಲ್ಲ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಬಾವಿಗಳಲ್ಲಿ ನೀರು ಮೇಲೆ ಬಂದಿದೆಯಲ್ಲ ಎಂದೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು. "ಸರಿ. ನಿನ್ನ ಬಚ್ಚಲ ನೀರು ನನ್ನ ಬಾವಿಗೆ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ, ಇಷ್ಟು ವರ್ಷ ನೋಡಿಕೊಂಡು ಚೆಲ್ಲುತ್ತಿದ್ದೆಯೋ ಇಲ್ಲವೋ?"

ನಾನು ಸುಮ್ಮನಾದೆ. ಬೆಳ್ಳಂದೂರಿನಿಂದ ಆಚೆ, ವರ್ತೂರಿನ ಮೂಲಕ ದಕ್ಷಿಣ ಪಿನಾಕಿನಿಯ ದಂಡೆಯಲ್ಲೂ ಎಷ್ಟೋ ಅಮ್ಮಂದಿರಿದ್ದಾರೆ. ಅವರು ನನ್ನ ಅಮ್ಮ ಅಲ್ಲ, ಅಷ್ಟೇ.

ಶುಕ್ರವಾರ ಅಮ್ಮ ಬಾಗಿನ ಕೊಟ್ಟಳು. "ಗಂಗಮ್ಮನದೇನು ತಪ್ಪು?" ಎಂದಳು. ನನ್ನ ಮಗಳು ನೀರಿಗೆ ಕಾಲಿಡಲು ಹೋದಾಗ ಮಾತ್ರ ರಟ್ಟೆ ಹಿಡಿದು ಹಿಂದಕ್ಕೆಳೆದುಕೊಂಡಳು.