ಕರ್ಮ ಯಾರದು, ಋಣ ಯಾರದು

ದೇವರ ಹೆಸರಿನಲ್ಲಿ ಒಂದು ಮಗುವಿನ ಬಾಳು ಹಾಳಾದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರು? ಹರಕೆ ಹೊತ್ತ ತಾಯಿಯೇ, ಮುತ್ತು ಕಟ್ಟಿದ ಪೂಜಾರಿಯೇ, ಆಕೆಯನ್ನು ಬಳಸಿಕೊಂಡ ಗೌಡನೇ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದ ಸರಕಾರವೇ? ನಾನು ಅಗಡಿಯವಳು, ಹಾವೇರಿ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಅದರಲ್ಲಿ ರೇಷನ್ ಕಾರ್ಡು, ಆಧಾರ್ ಝೆರಾಕ್ಸು, ತಿರಸ್ಕೃತವಾದ ಒಂದು ಅರ್ಜಿ ಇದ್ದವು. ಚೀಲ ಹಿಡಿದುಕೊಂಡು ನಮ್ಮ ಮನೆಯ ಕಟ್ಟೆಯ ಮೇಲೆ ಕೂತ ಅಜ್ಜಿ ಹೇಳಿದಳು:

"ನನಗ ಮುತ್ತು ಕಟ್ಟಿದಾಗ ಇನ್ನೂ ಹಾಲಹಲ್ಲು ಬಿದ್ದಿದ್ದಿಲ್ಲರೀ ಅಕ್ಕಾರ. ಈಗ ನೀ ದೇವದಾಸಿ ಅನ್ನಾಕ ಪುರಾವೆ ಏನೈತಿ ಅಂತ ಕೇಳತಾರ."

ಆಕೆಯ ತಲೆಗೂದಲಲ್ಲಿ ಜಡೆ ಬಿದ್ದಿತ್ತಂತೆ. ಎಣ್ಣೆ, ಬಾಚಣಿಗೆ ಕಾಣದ ಕೂದಲು ಗಂಟು ಕಟ್ಟಿದ್ದನ್ನು ಎಲ್ಲಮ್ಮ ಕರೆದಳೆಂದು ಬಗೆದರು. ಹುಣ್ಣಿಮೆಗೆ ಸವದತ್ತಿಯ ಕಡೆ ಕರೆದುಕೊಂಡು ಹೋಗಿ ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಹಾಕಿಸಿ ದೇವರಿಗೆ ಬಿಟ್ಟರು. ಮುತ್ತು ಕಟ್ಟುವುದೆಂದರೆ ಇದೇ. ಮೈನೆರೆದ ಮೇಲೆ ಹೊಲಮನೆಯುಳ್ಳ ಒಬ್ಬ "ಇಟ್ಟುಕೊಂಡ". ಅವನು ಬಿಟ್ಟ ಮೇಲೆ ಆಕೆ ಸಾಂಗಲಿಗೆ ಹೋದಳು. ದೇವದಾಸಿಯರ ಸಮೀಕ್ಷೆಯವರು ಊರಿಗೆ ಬಂದಾಗ ಅಲ್ಲಿಯೇ ಇದ್ದಳು. ಹೀಗಾಗಿ ಪಟ್ಟಿಯಲ್ಲಿ ಹೆಸರಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾಸಾಶನವಿಲ್ಲ, ಮನೆಯಿಲ್ಲ.

ಆಕೆ ಚಹಾ ಕುಡಿದು ಎದ್ದು ಹೋದ ಮೇಲೆ ನನ್ನ ಅವ್ವ ಮೆಲ್ಲಗೆ ಅಂದಳು: "ಪಾಪ, ಪಡಕೊಂಡು ಬಂದದ್ದು, ಯಾರೇನು ಮಾಡಾಕ ಆಗತೈತಿ." ಅವ್ವನ ಮಾತಿನಲ್ಲಿ ಇದ್ದದ್ದು ಮರುಕವೇ. ಆದರೆ ಎಷ್ಟೋ ತಲೆಮಾರುಗಳ ಅನ್ಯಾಯವನ್ನು ಕಾಯ್ದುಕೊಂಡು ಬಂದದ್ದೂ ಇದೇ ಮಾತು. ಅದಕ್ಕೇ ಅದನ್ನು ಒಮ್ಮೆ ಸಾಕ್ಷಿಕಟ್ಟೆಗೆ ಹತ್ತಿಸಿ ಪಾಟೀಸವಾಲು ಮಾಡಬೇಕು ಅನ್ನಿಸಿತು.

ಕರ್ಮಸಿದ್ಧಾಂತ ಹೇಳುವುದು ಇಷ್ಟೇ: ಮಾಡಿದವನು ಉಣ್ಣಬೇಕು. ಹಾಲಹಲ್ಲಿನ ಹುಡುಗಿ ಏನು ಮಾಡಿದ್ದಳು? ಈ ಜನ್ಮದಲ್ಲಿ ಏನೂ ಸಿಗುವುದಿಲ್ಲ. ಆಗ ನಾವು ಹಿಂದಿನ ಜನ್ಮಕ್ಕೆ ಹೋಗುತ್ತೇವೆ. ಅಲ್ಲಿ ಸಾಕ್ಷಿಯಿಲ್ಲ, ದಾಖಲೆಯಿಲ್ಲ, ಆರೋಪಿಗೆ ತನ್ನ ಮೇಲಿನ ಆರೋಪವೇನೆಂದೂ ಗೊತ್ತಿಲ್ಲ. ಇತ್ತ ಮುತ್ತು ಕಟ್ಟಿ ದಕ್ಷಿಣೆ ತೆಗೆದುಕೊಂಡವನ ಕರ್ಮ ಈ ಜನ್ಮದ್ದೇ. ರಾತ್ರಿ ಕೇರಿಗೆ ಬಂದು ಹಗಲು ಆಕೆಯ ನೆರಳನ್ನೂ ಮುಟ್ಟದವನ ಕರ್ಮವೂ ಈ ಜನ್ಮದ್ದೇ. ಇಡೀ ಊರು ಸಾಕ್ಷಿ. ಆದರೂ ಅವರ ವಿಷಯದಲ್ಲಿ ಯಾರ ಬಾಯಲ್ಲೂ ಕರ್ಮ ಎಂಬ ಶಬ್ದ ಬರುವುದಿಲ್ಲ. ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಕೇರಿಯ ಹೆಣ್ಣುಮಕ್ಕಳು. ಅವರಿಗೆ ಮಾತ್ರ ಅನ್ವಯಿಸಿ ಉಳಿದವರಿಗೆ ವಿನಾಯಿತಿ ಕೊಡುವ ನಿಯಮವನ್ನು ಧರ್ಮವೆಂದು ಒಪ್ಪಲು ನನ್ನಿಂದ ಆಗುವುದಿಲ್ಲ.

ನಮ್ಮ ನೆಲವೂ ಹಾಗೆ ಒಪ್ಪಿದ್ದಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಅಂಬಿಗರ ಚೌಡಯ್ಯನ ನೆನಪಿದೆ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ಗದ್ದುಗೆಯಿದೆ. ಇಬ್ಬರೂ ಹುಟ್ಟನ್ನೇ ತೀರ್ಪು ಮಾಡಿದವರನ್ನು ಎದುರು ನಿಂತು ಕೇಳಿದವರು. ಹನ್ನೆರಡನೆಯ ಶತಮಾನದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆಗೂ ಜಾಗವಿತ್ತು. ನಮ್ಮ ಅಗಡಿಯ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಪತ್ರಿಕೆ ಹೊರಟು, ಗಳಗನಾಥರ ಕೈಯಲ್ಲಿ ಬೆಳೆದು ಕನ್ನಡ ಮನೆಗಳಿಗೆ ಓದಿನ ರುಚಿ ಹತ್ತಿಸಿತು. ನಾನು ಆ ಹೆಮ್ಮೆಯಲ್ಲೇ ಬೆಳೆದವಳು. ಇಷ್ಟು ಬೋಧೆಯಿದ್ದ ನಾಡಿನಲ್ಲಿ ಈ ಪದ್ಧತಿ ಹೇಗೆ ಉಳಿಯಿತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಈಗ ಸರಕಾರದ ಕಡೆ ಬರೋಣ. ವ್ಯಕ್ತಿಗಳು ಸತ್ತಿದ್ದಾರೆ. ಪೂಜಾರಿ ಇಲ್ಲ, ಗೌಡ ಇಲ್ಲ, ತಾಯಿಯೂ ಇಲ್ಲ. ಸಾಯದೇ ಉಳಿದಿರುವುದು ಸರಕಾರ ಒಂದೇ. ಬ್ರಿಟಿಷರ ಕಾಲದಲ್ಲಿ ನಮ್ಮ ಹಾವೇರಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ದೇವದಾಸಿಯರ ರಕ್ಷಣೆಗೆಂದು ಮುಂಬಯಿ ಪ್ರಾಂತ 1934ರಲ್ಲಿಯೇ ಕಾಯ್ದೆ ಮಾಡಿ, ದೇವರಿಗೆ ಬಿಡುವುದನ್ನು ಅಪರಾಧವೆಂದು ಸಾರಿತು. ಕಾಯ್ದೆ ಮಾಡುವುದೆಂದರೆ "ನನಗೆ ಇದು ಗೊತ್ತಿದೆ" ಎಂದು ಸರಕಾರ ಸಹಿ ಮಾಡಿ ಕೊಟ್ಟ ಹಾಗೆ. ಕಟ್ಟೆಯ ಮೇಲೆ ಕೂತ ಆ ಅಜ್ಜಿ ಹುಟ್ಟುವ ಮೊದಲೇ ಆ ಸಹಿ ಬಿದ್ದಿತ್ತು. ಆಮೇಲೆ ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. 1990ರಲ್ಲಿ ವಿಶಾಲ್ ಜೀತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇವದಾಸಿ ಪದ್ಧತಿಯ ಮೇಲೂ ಮಕ್ಕಳನ್ನು ವೇಶ್ಯಾವೃತ್ತಿಗೆ ದೂಡುವುದರ ಮೇಲೂ ಕ್ರಮ ಕೈಗೊಳ್ಳಲು ಸರಕಾರಗಳಿಗೆ ಹೇಳಿತು. 1993-94ರ ಸಮೀಕ್ಷೆಯಲ್ಲಿ 22,873 ಮಹಿಳೆಯರು ಸಿಕ್ಕರು. 2007-08ರಲ್ಲಿ ಮತ್ತೆ ಎಣಿಸಿದಾಗ ಇನ್ನೂ 23,787 ಹೆಸರು ಸೇರಿದವು. ಇಷ್ಟು ಹೆಣ್ಣುಮಕ್ಕಳ ಲೆಕ್ಕ ಕಾಗದದ ಮೇಲಿದೆ. ಅವರ ಮೇಲೆ ಅಪರಾಧ ಎಸಗಿದವರ ಪಟ್ಟಿಯನ್ನು ಯಾರೂ ಬರೆಯಲಿಲ್ಲ.

ಕಾಯ್ದೆಯೊಳಗೇ ಒಂದು ತೊಡಕಿತ್ತು. ಅದು ನನ್ನ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1982ರ ಕಾಯ್ದೆಯಲ್ಲಿ ಮುತ್ತು ಕಟ್ಟಿದವನಿಗೆ ಹೆಚ್ಚೆಂದರೆ ಮೂರು ವರ್ಷ ಸಜೆಯಿತ್ತು. ತಂದೆತಾಯಿ, ಪೋಷಕರು, ಸಂಬಂಧಿಕರಾದರೆ ಐದು ವರ್ಷದವರೆಗೆ. ಮೂರು ವರ್ಷದವರೆಗಿನ ಸಜೆಯ ಅಪರಾಧವನ್ನು ಮೂರು ವರ್ಷದೊಳಗೆ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕು ಎಂದಿತ್ತು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಮು. ಲೆಕ್ಕ ಹಾಕಿ ನೋಡಿ. ಎಂಟನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಹನ್ನೊಂದು ತುಂಬುವಷ್ಟರಲ್ಲಿ ಪೂಜಾರಿ ಪಾರು. ವಿಳಂಬವನ್ನು ಮನ್ನಿಸುವ ಅಧಿಕಾರ ಕೋರ್ಟಿಗಿದೆ, ನಿಜ. ಆದರೆ ಮನ್ನಿಸಿ ಎಂದು ಹನ್ನೊಂದರ ಹುಡುಗಿಯ ಪರವಾಗಿ ಕೇಳುವವರು ಯಾರು? ಕಾಲಮಿತಿಯ ಆಸರೆಯಿಲ್ಲದೆ ಉಳಿದವರು ಬಡ ತಂದೆತಾಯಿ, ಪೋಷಕರು, ಸಂಬಂಧಿಕರು ಮಾತ್ರ. ಮಗಳು ದೂರು ಕೊಡಬೇಕಾದದ್ದು ಹೆತ್ತವಳ ಮೇಲೆ. ಯಾವ ಮಗಳು ಕೊಟ್ಟಾಳು? ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದು ಹಿಂದಿನ ಅಪರಾಧಗಳಿಗೆ ಹೊಂದುವುದಿಲ್ಲ. ನಡೆದಾಗ ಇಲ್ಲದ ಶಿಕ್ಷೆಯನ್ನು ಆಮೇಲೆ ವಿಧಿಸಬಾರದೆಂಬ ಸಂವಿಧಾನದ 20ನೇ ವಿಧಿ ಸರಿಯಾದದ್ದೇ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಶಿಕ್ಷೆ ಸಾಧ್ಯವಿಲ್ಲ ಎಂದಮಾತ್ರಕ್ಕೆ ಋಣ ತೀರಿತೇ?

ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಬರೆದ ಗ್ರಂಥದಲ್ಲಿದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಕಳ್ಳರು ಕದ್ದ ಸೊತ್ತನ್ನು ರಾಜ ಪ್ರಜೆಗೆ ಮರಳಿಸಬೇಕು, ಮರಳಿಸದಿದ್ದರೆ ಆ ಪಾಪ ರಾಜನಿಗೆ ತಟ್ಟುತ್ತದೆ ಎನ್ನುತ್ತದೆ ಸ್ಮೃತಿ. ಹಿಡಿದು ತರಲಾಗದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು ಎಂಬುದು ವ್ಯಾಖ್ಯಾನದ ಮಾತು. ಕಳ್ಳ ಸತ್ತನೋ ಓಡಿಹೋದನೋ ಎಂಬುದು ಇಲ್ಲಿ ಮುಖ್ಯವಲ್ಲ. ಕಾಯುತ್ತೇನೆಂದು ಕಂದಾಯ ವಸೂಲಿ ಮಾಡಿದವನು ಕಾಯಲಿಲ್ಲ, ಅಷ್ಟೇ ಸಾಕು. ಸ್ಮೃತಿಗಳು ಕೇರಿಯವರನ್ನು ಹೇಗೆ ಕಂಡವೆಂಬುದು ನನಗೆ ಗೊತ್ತು, ಅದನ್ನು ಒಪ್ಪಿಕೊಂಡು ಈ ಮಾತು ಹೇಳುತ್ತಿಲ್ಲ. ಆದರೆ ಎತ್ತು, ಪಾತ್ರೆ, ಬಂಗಾರಕ್ಕೆ ಸಲ್ಲುವ ನ್ಯಾಯ ಬಾಲ್ಯಕ್ಕೆ ಸಲ್ಲುವುದಿಲ್ಲ ಎಂದು ಯಾವ ಧರ್ಮವಂತ ವಾದಿಸಿಯಾನು?

"ಅದು ಬ್ರಿಟಿಷರ ಕಾಲ, ಅದು ಹಿಂದಿನ ಸರಕಾರ" ಎಂಬ ವಾದವೂ ನಿಲ್ಲುವುದಿಲ್ಲ. ಮುಂಬಯಿ ಸರಕಾರದ ಕಾಲದ ಜಮೀನಿನ ಉತಾರ, ಇನಾಮು ಕಾಗದಗಳನ್ನು ಇಂದಿಗೂ ನಾವು ಹಾವೇರಿ ಕೋರ್ಟಿನಲ್ಲಿ ಹಾಜರುಪಡಿಸುತ್ತೇವೆ. ಸರಕಾರ ತನ್ನ ಗಾಯರಾಣ ತನ್ನದೆಂದು ಸಾಧಿಸಲು ಅದೇ ಹಳೆಯ ದಫ್ತರ ತೆಗೆಯುತ್ತದೆ. ಆಸ್ತಿಗೆ ವಾರಸುದಾರನಾದವನು ಹೊಣೆಗೂ ವಾರಸುದಾರನೇ.

ಬೇರೆ ದೇಶಗಳು ಇದನ್ನು ಒಪ್ಪಿವೆ. ಐರ್ಲೆಂಡಿನಲ್ಲಿ ಚರ್ಚಿನ ಸಂಸ್ಥೆಗಳು ನಡೆಸಿದ ಶಾಲೆಗಳಲ್ಲಿ ಮಕ್ಕಳ ಮೇಲೆ ನಡೆದ ಕ್ರೌರ್ಯಕ್ಕೆ 1999ರಲ್ಲಿ ಪ್ರಧಾನಿಯೇ ದೇಶದ ಪರವಾಗಿ ಕ್ಷಮೆ ಕೇಳಿದರು. ಆಸ್ಟ್ರೇಲಿಯಾದಲ್ಲೂ ಮಕ್ಕಳ ಮೇಲಿನ ಇಂಥ ಕ್ರೌರ್ಯದ ವಿಚಾರಣೆಗೆ 2013ರಿಂದ 2017ರವರೆಗೆ ರಾಯಲ್ ಕಮಿಷನ್ ಕೂತು ಸಾವಿರಾರು ಜನರ ಮಾತನ್ನು ಖಾಸಗಿಯಾಗಿ ಕೇಳಿತು. 2018ರಲ್ಲಿ ಪರಿಹಾರ ಯೋಜನೆಯೂ ಸಂಸತ್ತಿನ ಕ್ಷಮೆಯೂ ಬಂದವು. ಕಾಲ ಮೀರಿದೆ ಎಂದು ಅಲ್ಲಿ ಬಾಗಿಲು ಹಾಕಲಿಲ್ಲ. ಬಾಲ್ಯದಲ್ಲಿ ಗಾಯಗೊಂಡವರು ಬಾಯಿ ಬಿಡಲು ದಶಕಗಳೇ ಹಿಡಿಯುತ್ತವೆ ಎಂಬುದನ್ನು ಅಲ್ಲಿನ ಶಾಸನಸಭೆಗಳು ಅರ್ಥಮಾಡಿಕೊಂಡವು.

ನಮ್ಮಲ್ಲಿ 2025ರ ಬಜೆಟ್ಟಿನಲ್ಲಿ ಮಾಜಿ ದೇವದಾಸಿಯರ ಮಾಸಾಶನವನ್ನು 1,500ರಿಂದ 2,000 ರೂಪಾಯಿಗೆ ಏರಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ಮಸೂದೆಯನ್ನು ಅಂಗೀಕರಿಸಿತು. ಅದರಂತೆ ದೇವದಾಸಿಯರ ಮಕ್ಕಳು ತಂದೆಯ ಗುರುತನ್ನು ಕಾನೂನಿನ ಮೂಲಕ ಕೇಳಬಹುದು. ಇದು ದೊಡ್ಡ ಹೆಜ್ಜೆ, ಅದಕ್ಕಾಗಿ ಹೋರಾಡಿದ ತಾಯಂದಿರಿಗೆ ಕೈಮುಗಿಯುತ್ತೇನೆ. ಈಗ ಈ ಕಾನೂನು ಗಂಡಸಿನ ಮನೆಯ ಬಾಗಿಲು ಬಡಿಯುವ ಮಾತಾಡಿದೆ. ಆದರೆ ಮಾಸಾಶನವನ್ನು ಇನ್ನೂ ದಯೆಯೆಂದೇ ಕೊಡುತ್ತಿದ್ದಾರೆ. ಕೊಡುವವರು ಮೇಲೆ, ಕೈಯೊಡ್ಡುವವಳು ಕೆಳಗೆ. ಆಕೆಗೆ ಬರಬೇಕಾದದ್ದು ದಯೆಯಲ್ಲ. 1934ರಿಂದ ಬಡ್ಡಿ ಏರುತ್ತ ಬಂದ ಸಾಲ ಅದು. ಸಾಲಗಾರನೇ ಸಾಲ ಕೊಟ್ಟವಳ ಹತ್ತಿರ ಪುರಾವೆ ಕೇಳುವುದು ಯಾವ ನ್ಯಾಯವೂ ಅಲ್ಲ. ಪಟ್ಟಿಯಿಂದ ಬಿಟ್ಟುಹೋದವಳ ಮಾತನ್ನು ಮೊದಲು ನಂಬಬೇಕು, ಸುಳ್ಳೆಂದು ತೋರಿಸುವ ಭಾರ ಇಲಾಖೆಯ ಮೇಲಿರಬೇಕು. ಬದುಕಿರುವವರ ಹೇಳಿಕೆಯನ್ನು ಅವರ ಊರಿಗೇ ಹೋಗಿ ಬರೆದುಕೊಳ್ಳುವ ನ್ಯಾಯಾಂಗ ಆಯೋಗ ಬೇಕು. ವಿಧಾನಸೌಧದೊಳಗೆ, ಸದನದಲ್ಲಿ ನಿಂತು, "ನಮಗೆ ಗೊತ್ತಿತ್ತು, ನಾವು ಕಾಯಲಿಲ್ಲ" ಎಂದು ಮುಖ್ಯಮಂತ್ರಿ ಹೇಳಬೇಕು.

ಕ್ಷಮಿಸುವುದು ಬಿಡುವುದು ಆಕೆಗೆ ಬಿಟ್ಟದ್ದು. ಮಠದ ಸ್ವಾಮಿಗಳೂ ನಮ್ಮಂಥ ವಕೀಲರೂ ಆಕೆಯ ಪರವಾಗಿ ಕ್ಷಮಿಸುವ ಹಕ್ಕು ಪಡೆದಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಓದುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಊರಿಗೆ ಸಮೀಕ್ಷೆಯವರು ಬಂದಾಗ, ಗ್ರಾಮಸಭೆ ಕೂಡಿದಾಗ, ಹೀಗೆ ಹೆಸರು ಬಿಟ್ಟುಹೋದ ತಾಯಿ ಇದ್ದರೆ ಮೊದಲು ಆಕೆಯ ಒಪ್ಪಿಗೆ ಕೇಳಿ. ಆಕೆ ಹೂಂ ಅಂದರೆ ಜೊತೆಗೆ ಹೋಗಿ, "ಇದು ನಮಗೆ ಗೊತ್ತು" ಎಂದು ಸಾಕ್ಷಿ ಹೇಳಿ ಸಹಿ ಮಾಡಿ. ಕಂಡದ್ದನ್ನು ಹೇಳಬಲ್ಲ ಹಿರಿಯರು ಇನ್ನೂ ಬದುಕಿದ್ದಾರೆ. ಅವರು ಇರುವಾಗಲೇ ಇದು ಆಗಬೇಕು.